ಉಡದಾರ ಹರಿದಾಕಿ

ಗೋಕಾಕದಲ್ಲಿ ನನಗೊಂದು ಹೆಸರಿದೆ. ಅಪ್ಪ ಅವ್ವ ಇಟ್ಟದ್ದಲ್ಲ, ಊರು ಇಟ್ಟದ್ದು: ಉಡದಾರ ಹರಿದಾಕಿ. ಹೊಳೆಗೆ ಅರಿವೆ ಒಗೆಯಲು ಹೋದರೆ ಹಿಂದಿನಿಂದ ಪಿಸುಗುಟ್ಟುತ್ತಿದ್ದರು. ಸಂತೆಗೆ ಹೋದರೆ ಬದನೆಕಾಯಿ ಮಾರುವವಳು ತಕ್ಕಡಿ ಹಿಡಿದುಕೊಂಡೇ ನನ್ನ ಕೈಯನ್ನೊಮ್ಮೆ ನೋಡುತ್ತಿದ್ದಳು. ನೋಡಲಿ, ನನ್ನ ಗಂಟೇನು ಹೋಯಿತು? ಹರಿದವಳು ನಾನೇ. ಅಂಥದೇ ಪ್ರಸಂಗ ಮತ್ತೆ ಬಂದರೆ ಮತ್ತೆ ಹರಿಯುತ್ತೇನೆ. ಊರವರು ಇಷ್ಟು ದಿನ ಅರ್ಧ ಕಥೆ ಹೇಳಿಕೊಂಡು ಬಂದಿದ್ದಾರೆ, ಉಳಿದ ಅರ್ಧ ನಾನು ಬರೆಯುತ್ತಿದ್ದೇನೆ.

ನಮ್ಮ ಕಡೆ ಗಂಡುಕೂಸಿನ ಸೊಂಟಕ್ಕೆ ಉಡದಾರ ಕಟ್ಟುತ್ತಾರೆ. ಬಡವನಿಗೆ ಕರಿ ದಾರ, ಉಳ್ಳವನಿಗೆ ಬೆಳ್ಳಿ. ಸವೆದರೆ ಹೊಸದನ್ನು ಕಟ್ಟಿಕೊಂಡ ಮೇಲೆಯೇ ಹಳೆಯದನ್ನು ತೆಗೆಯುವುದು. ಗಂಡಸಿನ ಸೊಂಟ ಒಂದು ಗಳಿಗೆಯೂ ಬರಿದಾಗಬಾರದು. ಅದು ಬರಿದಾಗುವುದು ಉಸಿರು ನಿಂತ ದಿನ. ಅಂದು ಹಿರಿಯರು ಬಂದು ಉಡದಾರ ಹರಿಯುತ್ತಾರೆ, ಅಲ್ಲಿಗೆ ಅವನ ಲೆಕ್ಕ ಮುಗಿಯಿತು. ನನ್ನ ಗಂಡನದು ಬೆಳ್ಳಿಯದು. ನಮ್ಮ ಮದುವೆಯಲ್ಲಿ ಮಾವನವರು ಮಾಡಿಸಿದ್ದು. ಮತ್ತೆಂದೂ ಬಿಚ್ಚುವ ಪ್ರಸಂಗ ಬಾರದಿರಲಿ ಎಂದು ಬೆಳ್ಳಿ ಬಂಗಾರ ಮಾಡುವ ಪತ್ತಾರನಿಂದ ಕೊಂಡಿಯನ್ನೇ ಬೆಸೆಸಿಬಿಟ್ಟಿದ್ದರು.

ಬೇನೆ ಕಾಣಿಸಿಕೊಂಡದ್ದು ಅಂಗಡಿಯಲ್ಲಿ. ನನ್ನ ಗಂಡ ರೈತರ ಬೆಲ್ಲ ಮಾರಿಕೊಡುವ ಅಡತಿ ವ್ಯಾಪಾರಿ. ಬೆಳಿಗ್ಗೆ ಗಾದಿಯ ಮೇಲೆ ಕೂತರೆ ಊಟದ ಹೊತ್ತಿನವರೆಗೆ ಏಳದ ಮನುಷ್ಯ. ಮಮದಾಪುರದಿಂದ, ಮೂಡಲಗಿಯಿಂದ ಚಕ್ಕಡಿ ಕಟ್ಟಿಕೊಂಡು ಬರುವ ರೈತರು ಅವರ ಮುಖ ನೋಡಿಯೇ ಬೆಲ್ಲದ ಪೆಂಟಿ ಇಳಿಸುತ್ತಿದ್ದರು. ಅಂಥ ನನ್ನ ಗಂಡ ಹರಾಜಿನ ಸವಾಲು ಕೂಗುವ ನಡುವೆಯೇ ಎದ್ದೆದ್ದು ಹಿತ್ತಲಿಗೆ ಓಡತೊಡಗಿದರು. ಹೋದರೆ ಮೂತ್ರ ಬರುವುದಿಲ್ಲ, ಬಂದರೆ ನಿಲ್ಲುವುದಿಲ್ಲ. ನನಗೂ ಹೇಳದೆ ತಿಂಗಳುಗಟ್ಟಲೆ ಮುಚ್ಚಿಟ್ಟರು. ಧೋತರದ ಮೇಲೆ ರಕ್ತ ಕಂಡ ದಿನ ನಾನು ಹಿಡಿದು ಕೇಳಿದೆ, ಆಗ ಬಾಯಿಬಿಟ್ಟರು. ಊರ ಡಾಕ್ಟರು ನೋಡಿದವರೇ, ತಡಮಾಡದೆ ಮುಂಬಯಿಗೆ ಹೋಗಿರಿ ಎಂದರು.

ನಾನೂ ಹೊರಡುತ್ತೇನೆ ಎಂದಾಗ ಮನೆಯಲ್ಲಿ ಮೊದಲ ಜಗಳ. ನಮ್ಮತ್ತೆ ಹುಕ್ಕೇರಿಯ ದೊಡ್ಡ ಮನೆತನದ ಮಗಳು. ಮಾತು ಕಡಿಮೆ, ಆದರೆ ಆಡಿದ್ದೇ ಕಾನೂನು.

"ಗಂಡಸರ ಬ್ಯಾನಿ ಅದು. ಹೆಂಗಸು ಹೋಗಿ ಅಲ್ಲಿ ಏನ ನೋಡ್ತಾಳ?" ಎಂದರು.

"ಬ್ಯಾನಿ ಗಂಡಸರದಿರಬಹುದ್ರಿ ಅತ್ತ್ಯಾರ, ಆರೈಕಿ ಯಾರ ಮಾಡಬೇಕು?" ಎಂದೆ. ಗಂಟು ಕಟ್ಟಿದೆ, ಘಟಪ್ರಭಾ ಸ್ಟೇಶನ್ನಿನಲ್ಲಿ ರೈಲು ಹತ್ತಿದೆ. ಯುದ್ಧದ ಕಾಲ, ಡಬ್ಬಿಯ ತುಂಬ ಸಿಪಾಯಿಗಳು. ದಾರಿಯುದ್ದಕ್ಕೂ ನನ್ನ ಗಂಡ ನೀರು ಮುಟ್ಟಲಿಲ್ಲ. ಕುಡಿದರೆ ಜನರ ಕಾಲು ದಾಟಿ ದಾಟಿ ಹೋಗಬೇಕಲ್ಲ ಎಂಬ ಸಂಕೋಚ.

ಮುಂಬಯಿಯ ಡಾಕ್ಟರು ಮರಾಠಿಯಲ್ಲಿ ಹೇಳಿದರು. ಬೆಳಗಾವಿ ಸೀಮೆಯವರಾದ ನಮಗೆ ಅದು ತಿಳಿಯುತ್ತದೆ. ಗಂಡಸರಿಗೆಲ್ಲ ಮೂತ್ರಚೀಲದ ಬುಡದಲ್ಲಿ ಪ್ರೋಸ್ಟೇಟ್ ಎಂಬ ಅಡಿಕೆಯಷ್ಟು ಗ್ರಂಥಿ ಇರುತ್ತದಂತೆ. ಅದರಲ್ಲಿ ಕರ್ಕರೋಗ, ಕ್ಯಾನ್ಸರ್ ಎನ್ನುತ್ತಾರಲ್ಲ ಅದು. ಕಣ್ಣಿಗೆ ಕಾಣದ ಬೆಳಕನ್ನು ಹೊಟ್ಟೆಯ ಕೆಳಗೂ ಸೊಂಟದ ಎರಡೂ ಬದಿಗೂ ಬಿಟ್ಟು ಅದನ್ನು ಸುಡಬೇಕು. ಒಂದೇ ಸಲಕ್ಕೆ ಆಗದು, ಎರಡು ಪಾಳಿ. ಮೊದಲನೆಯದು ಮುಗಿದ ಮೇಲೆ ಊರಿಗೆ ಹೋಗಿ ಸುಟ್ಟ ಚರ್ಮವನ್ನು ಮಾಯಿಸಿಕೊಂಡು ಬರಬೇಕು, ಆಗ ಎರಡನೆಯದು.

"ಚರ್ಮ ಮಾಯದಿದ್ದರೆ?" ಎಂದು ನಾನೇ ಕೇಳಿದೆ.

ಒಡೆದ ಚರ್ಮದ ಮೇಲೆ ಬೆಳಕು ಬಿಡಲು ಬರುವುದಿಲ್ಲ, ಅರ್ಧಕ್ಕೆ ಬಿಟ್ಟರೆ ಗಂಟು ಮತ್ತೆ ಬೆಳೆಯುತ್ತದೆ, ಆಮೇಲೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ಸಿಟ್ಟಿಲ್ಲದೆ ಹೇಳಿದರು, ನನ್ನ ಕಣ್ಣು ನೋಡಿ ಹೇಳಿದರು. ನನ್ನ ಗಂಡನ ಜೀವ ಅವರ ಸೊಂಟದ ಚರ್ಮದ ಮೇಲೆ ನಿಂತಿದೆ ಎಂಬುದು ನನಗೆ ಅಲ್ಲೇ ತಿಳಿಯಿತು.

ಪಥ್ಯವನ್ನೂ ಹೇಳಿದರು. ಆ ಜಾಗಕ್ಕೆ ಎಣ್ಣೆ ಬೇಡ, ಅರಿಸಿನ ಬೇಡ, ಬೂದಿ ಬೇಡ, ಸಾಬೂನು ಬೇಡ. ಬರಿ ನೀರು ಹನಿಸಿ ಮೆತ್ತನೆಯ ಅರಿವೆಯಿಂದ ಒತ್ತಬೇಕು, ತಿಕ್ಕಬಾರದು. ಮೈಗೆ ಸಡಿಲು ಬಟ್ಟೆ. ನೀರು ದಿನವಿಡೀ ಸ್ವಲ್ಪ ಸ್ವಲ್ಪ ಕುಡಿಯುತ್ತಿರಬೇಕು, ಮೂತ್ರ ದಪ್ಪಗಾದರೆ ಒಳಗೆ ಇನ್ನೂ ಉರಿಯುತ್ತದೆ. ಖಾರ ಬಿಡಬೇಕು. ಸೊಂಟಕ್ಕೆ ಬಿಗಿಯಾದದ್ದು ಏನೂ ಇರಬಾರದು, ಲೋಹವಂತೂ ಬೇಡವೇ ಬೇಡ. ಆ ಬೆಳ್ಳಿಯದನ್ನು ತೆಗೆದಿಡಿ ಎಂದರು. ನನ್ನ ಗಂಡ ಹೂಂ ಎಂದು ತಲೆಯಾಡಿಸಿದರು.

ಬೆಳಕಿನ ಖೋಲಿಯೊಳಗೆ ನನ್ನನ್ನು ಬಿಡುತ್ತಿರಲಿಲ್ಲ. ನಾವು ಇಳಿದುಕೊಂಡದ್ದು ಗಿರಣಿಯಲ್ಲಿ ದುಡಿಯುವ ನಮ್ಮ ಕಡೆಯವರ ಚಾಳಿನಲ್ಲಿ. ಒಂದೇ ಖೋಲಿಯಲ್ಲಿ ಎರಡು ಸಂಸಾರ, ನಡುವೆ ಸೀರೆಯ ಪರದೆ. ಅಲ್ಲಿ ಗಂಡನ ಮೈ ನೋಡುವುದೆಂತು? ಉಡದಾರ ಎಲ್ಲಿ ಎಂದು ಕೇಳಿದೆ. "ದವಾಖಾನ್ಯಾಗ ಕೊಂಡಿ ಬಿಡಿಸಿದ್ರು, ಪೆಟಗ್ಯಾಗ ಇಟ್ಟೇನಿ" ಎಂದರು. ನಂಬಿದೆ.

ಮೊದಲ ಪಾಳಿ ಮುಗಿಸಿ ಗೋಕಾಕಕ್ಕೆ ಬಂದಾಗ ಅವರು ಅರ್ಧ ಆಗಿದ್ದರು. ಮೂತ್ರಕ್ಕೆ ಹೋದರೆ ಹಲ್ಲು ಕಚ್ಚುತ್ತಿದ್ದರು. ಹೊಟ್ಟೆ ಕೆಟ್ಟಿತ್ತು, ಹೇಳದೆ ಕೇಳದೆ ಬರುತ್ತಿತ್ತು, ಎದ್ದು ಹೋಗುವಷ್ಟು ವೇಳೆಯೂ ಸಿಗುತ್ತಿರಲಿಲ್ಲ. ಇದೆಲ್ಲ ಬೆಳಕಿನ ಗುಣ, ಕ್ರಮೇಣ ಇಳಿಯುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಇಳಿಯಲು ಬಿಡಬೇಕಲ್ಲ! ನನ್ನ ಗಂಡ ಒಳಖೋಲಿ ಸೇರಿ ನೀರು ಕುಡಿಯುವುದನ್ನೇ ಬಿಟ್ಟರು. ನೀರು ಬಿಟ್ಟರೆ ಮೂತ್ರವೂ ನಿಲ್ಲುತ್ತದೆ, ಮಾನ ಉಳಿಯುತ್ತದೆ ಎಂದು ಅವರ ಎಣಿಕೆ. ನಮ್ಮತ್ತೆ ಮಗನ ಬಾಯಿ ಕೆಟ್ಟಿದೆ ಎಂದು ರೊಟ್ಟಿಯ ಜೊತೆ ಕೆಂಪು ಖಾರ ಕೊಟ್ಟರು. ಹುಕ್ಕೇರಿಯಿಂದ ಯಾರೋ ವೈದ್ಯ ಕೊಟ್ಟ ಹಸಿರು ಮುಲಾಮು ತರಿಸಿದರು. ನಾನು ಅಡುಗೆಮನೆಯಲ್ಲಿದ್ದಾಗ ಮಗನ ಕೈಗೆ ಅದನ್ನೂ ಕೊಟ್ಟು, ಜೊತೆಗೆ ವಿಭೂತಿಯನ್ನೂ ಕೊಟ್ಟು ಹಚ್ಚಿಕೋ ಎನ್ನುತ್ತಿದ್ದರು.

ನಾನೂ ಬಿಡಲಿಲ್ಲ. ಕಚ್ಚೆ ಹಾಕುವ ಧೋತರವನ್ನು ಎತ್ತಿ ಗಂಟು ಕಟ್ಟಿ ಇಟ್ಟೆ. ನನ್ನದೊಂದು ಹಳೆಯ ನೂಲಿನ ಸೀರೆ ಹರಿದು, ಸುಮ್ಮನೆ ಸುತ್ತಿಕೊಳ್ಳುವಂತೆ ತುಂಡು ಮಾಡಿದೆ.

"ಹೆಂಡತಿ ಸೀರಿ ಉಟಗೊಂಡು ಕುಂಡ್ರಲೇನ ನಾ?" ಎಂದು ಹರಿಹಾಯ್ದರು.

"ಯಾರ ನೋಡಾಕ ಬರ್ತಾರ? ನೋಡಿದ್ರ ನಾನ ಉಡಿಸೇನಿ ಅಂತ ಹೇಳ್ರಿ" ಎಂದೆ.

ಖಾರದ ಗಡಿಗೆಯನ್ನು ನೆರೆಮನೆಗೆ ಕೊಟ್ಟುಬಿಟ್ಟೆ. ಮೆತ್ತಗೆ ಬೇಯಿಸಿದ ಅನ್ನ, ಮಜ್ಜಿಗೆ, ಗಂಜಿ. ಹಾಸಿಗೆಯ ಬಾಜೂಕ್ಕೆ ನೀರಿನ ತಂಬಿಗೆ, ಖೋಲಿಯ ಮೂಲೆಯಲ್ಲಿ ಮರೆಗೊಂದು ತಟ್ಟಿ ಕಟ್ಟಿ ಅದರ ಹಿಂದೆ ಒಂದು ಗಡಿಗೆ. ಹಿತ್ತಲಿಗೆ ಓಡುವ ಹೆದರಿಕೆ ಹೋದರೆ ನೀರು ಕುಡಿದಾರು ಎಂಬುದು ನನ್ನ ಲೆಕ್ಕ. ಗಡಿಗೆಯನ್ನು ನಾನೇ ಚೆಲ್ಲುತ್ತಿದ್ದೆ. ಅವರು ಗೋಡೆಯ ಕಡೆ ಮುಖ ಮಾಡಿ, "ಎಂಥಾ ಬಾಳೇ ಬಂತಲೇ ನಿನಗ" ಎಂದರು. ಎರಡು ಮಕ್ಕಳ ಉಚ್ಚೆ ಬಾಚಿದ ಕೈ ಇದು, ಮೂರನೆಯದು ನೀವು, ಸುಮ್ಮನೆ ಕುಡಿಯಿರಿ ಎಂದೆ. ಅಂದು ಮೊದಲ ಸಲ ನಕ್ಕರು, ತಂಬಿಗೆ ಖಾಲಿ ಮಾಡಿದರು.

ಉರಿ ಇಳಿಯಿತು. ಹೊಟ್ಟೆ ಹತೋಟಿಗೆ ಬಂತು. ಆದರೆ ಸೊಂಟ ಮಾಯುತ್ತಿರಲಿಲ್ಲ. ಮಾಯುತ್ತಿಲ್ಲ ಎಂದು ನನಗೆ ತಿಳಿದದ್ದು ವಾಸನೆಯಿಂದ. ತೋರಿಸಿರಿ ಎಂದರೆ "ಏ, ಎಲ್ಲಾ ಆರಾಮ ಆಗೈತಿ, ಹೋಗು" ಎನ್ನುವರು. ಮೈ ತೊಳೆದುಕೊಳ್ಳುವುದೂ ಅವರೇ, ಬಾಗಿಲು ಹಾಕಿಕೊಂಡು. ಒಂದು ಮುಂಜಾನೆ ಸುತ್ತಿದ ಅರಿವೆಯ ಮೇಲೆ ಕೀವು ಕಂಡಿತು, ಅದೂ ಪಟ್ಟಿ ಎಳೆದಂತೆ ಉದ್ದಕ್ಕೆ. ಬಾಗಿಲು ಹಾಕಿ ಅಡ್ಡ ನಿಂತೆ. ಅರಿವೆ ಬಿಚ್ಚುತ್ತೀರೋ, ನಾನು ಬಿಚ್ಚಲೋ ಎಂದೆ.

ಬಿಚ್ಚಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಪೆಟ್ಟಿಗೆಯಲ್ಲಿದೆ ಎಂದ ಬೆಳ್ಳಿ ಉಡದಾರ ಅವರ ಸೊಂಟದಲ್ಲೇ ಇತ್ತು. ಸುಟ್ಟ ಚರ್ಮದೊಳಗೆ ಕಚ್ಚಿಕೊಂಡು ಕೂತಿತ್ತು, ಹೆಣಿಗೆಯ ಸಂದಿಯಲ್ಲೆಲ್ಲ ಹುಕ್ಕೇರಿ ಮುಲಾಮು ಮತ್ತು ವಿಭೂತಿ ಮೆತ್ತಿತ್ತು.

ಆಮೇಲೆ ಒಂದೊಂದೇ ಹೊರಗೆ ಬಂತು. ಮುಂಬಯಿಯಲ್ಲಿ ಖೋಲಿಗೆ ಹೋಗುವ ಮುಂಚೆ ಉಡದಾರವನ್ನು ಪಕ್ಕೆಲುಬಿನ ಮೇಲಕ್ಕೆ ಏರಿಸಿ ಅಂಗಿಯೊಳಗೆ ಬಚ್ಚಿಡುತ್ತಿದ್ದರಂತೆ. ಮೈ ಇಳಿದಿತ್ತಲ್ಲ, ಸರಾಗ ಏರುತ್ತಿತ್ತು. ಬೆಳಕು ಬಿಟ್ಟಾದ ಮೇಲೆ ಹೊರಗೆ ಬಂದು ಮತ್ತೆ ಸೊಂಟಕ್ಕೆ ಇಳಿಸುತ್ತಿದ್ದರಂತೆ, ಆಗತಾನೇ ಬೆಂದ ಚರ್ಮದ ಮೇಲೆ! ದಿನವೂ! ನನಗೆ ಬಂದ ಸಿಟ್ಟು ಎಂಥದೆಂದು ಹೇಳಲಾರೆ. ಗಂಡ ಎಂದು ನೋಡಲಿಲ್ಲ.

"ಡಾಕ್ಟರ ಕಣ್ಣಿಗಿ ಮಣ್ಣ ಹಾಕಿದ್ರಿ. ನನ್ನ ಕಣ್ಣಿಗೂ ಹಾಕಿದ್ರಿ. ಯಮನ ಕಣ್ಣಿಗಿ ಹಾಕಾಕ ಬರ್ತೈತೇನ್ರಿ?"

ಅವರು ಬಿಚ್ಚಿದ ಅರಿವೆಯನ್ನು ಎಳೆದು ಮತ್ತೆ ಮುಚ್ಚಿಕೊಂಡರು. ಆಮೇಲೆ ಮೆಲ್ಲಗೆ, "ನಮ್ಮಪ್ಪನ ಉಡದಾರ ಹರಿದಾಗ ನಾ ಅಲ್ಲೇ ನಿಂತಿದ್ನಿ. ಆ ಸಪ್ಪಳ ಇನ್ನೂ ಕಿವ್ಯಾಗ ಐತಿ. ನಾ ಜೀವಂತ ಇದ್ದಾಗ ನನ್ನ ಹೆಣ ಮಾಡಬ್ಯಾಡಲೇ" ಎಂದರು.

ಇಷ್ಟು ದಿನ ಅವರು ಹೆದರಿದ್ದು ಬೇನೆಗಲ್ಲ, ಇದಕ್ಕೆ ಎಂದು ನನಗೆ ಆಗ ತಿಳಿಯಿತು. ಆದರೂ ಬಿಟ್ಟುಕೊಡಲಿಲ್ಲ. ನನ್ನ ತವರು ಮೂಡಲಗಿ, ಒಕ್ಕಲುತನದ ಮನೆ. ಎತ್ತಿನ ಗಾಯ ತೊಳೆದು ಬೆಳೆದವಳು. ಕೇಳಿದೆ:

"ಎತ್ತಿನ ಹೆಗಲ ಹುಣ್ಣ ಆದ್ರ ನೊಗ ಇಟಗೊಂಡ ಔಷಧ ಹಚ್ತಾರೇನ್ರಿ? ಮೊದಲ ನೊಗ ಇಳಸ್ತಾರ. ಎತ್ತಿನ ಮ್ಯಾಲ ಇದ್ದಷ್ಟರ ಕರುಣಾ ನಿಮ್ಮ ಮೈ ಮ್ಯಾಲ ಇರಲಿ."

ಅವರು ಬೇಡ ಎನ್ನಲಿಲ್ಲ, ಅಷ್ಟೇ ಸಾಕೆಂದು ಪತ್ತಾರನನ್ನು ಕರೆಸಿದೆ. ಜಾರಿಸಿ ತೆಗೆಯುವ ಮಾತೇ ಇರಲಿಲ್ಲ: ಕೆಳಗೆ ಎಳೆದರೆ ಹುಣ್ಣು ಕಿತ್ತು ಬರುತ್ತದೆ, ಮೇಲೆ ಭುಜ ದಾಟುವುದಿಲ್ಲ. ಕೊಂಡಿ ಬೆಸೆದದ್ದು. ಪತ್ತಾರ ಮುದುಕ ಚೀಲ ಬಿಚ್ಚಿ, ಕತ್ತರಿ ತೆಗೆದು, ಯಾರದೆಂದು ತಿಳಿದ ಕೂಡಲೇ ಮತ್ತೆ ಚೀಲ ಕಟ್ಟಿದ.

"ಕಟ್ಟೂದು ನನ್ನ ಕೆಲಸರಿ ತಾಯಿ. ಜೀವ ಇದ್ದವರದು ಹರಿಯಾಕ ನನ್ನ ಕೈ ಬರೂದಿಲ್ಲ" ಎಂದು ಕೈ ಮುಗಿದು ಹೊರಟೇ ಹೋದ.

ಪತ್ತಾರ ಬಂದು ಹೋದ ಸುದ್ದಿ ಅತ್ತೆಯ ಕಿವಿಗೆ ಬಿತ್ತು. ಬಂದವರೇ ಒಳಖೋಲಿಯ ಹೊಸ್ತಿಲ ಮೇಲೆ ಕೂತುಬಿಟ್ಟರು, ಕಾಲು ಚಾಚಿ, ಯಾರೂ ದಾಟದಂತೆ.

"ನನ್ನ ಗಂಡಂದು ಹರಿದಾಗ ನನ್ನ ಯಾರೂ ಕೇಳಲಿಲ್ಲ. ನನ್ನ ಮಗಂದು ನಾ ಹರಿಯಾಕ ಬಿಡೂದಿಲ್ಲ" ಎಂದರು. ದನಿ ಒಡೆದಿತ್ತು. ಮೂವತ್ತು ವರ್ಷದ ನನ್ನ ಸಂಸಾರದಲ್ಲಿ, ಮಾವನವರು ಹೋದ ದಿನ ಬಿಟ್ಟರೆ, ಅವರ ಕಣ್ಣಲ್ಲಿ ನೀರು ಕಂಡದ್ದು ಆಗಲೇ.

ಅವರ ಮುಂದೆ ಕೂತೆ. "ಅತ್ತ್ಯಾರ, ಕೊರಳಾಗಿನ ಲಿಂಗ ಗುರು ಕಟ್ಟಿದ್ದು. ಅದನ್ನ ಯಾರರ ಮುಟ್ಟಿದ್ರ ನಾನ ಕೈ ಕಡೀತೇನಿ. ಸೊಂಟದಾಗಿನ ಬೆಳ್ಳಿ ಯಾವ ಗುರು ಕೊಟ್ಟಾನ್ರಿ? ಪತ್ತಾರ ಮಾಡ್ಯಾನ, ಮಾವನಾರು ತಂದಾರ. ಅದು ಇದ್ರ ಮುಂಬಯಿ ಡಾಕ್ಟರು ಇವರನ್ನ ಒಳಗ ಕರಕೊಳ್ಳೂದಿಲ್ಲ. ಹೊರಗಿಂದನ ಹೊಳ್ಳಿ ಕಳಸ್ತಾರ. ಆಮ್ಯಾಲ ಹಿರ್ಯಾರು ಬಂದು ಹರೀತಾರ, ಶಾಸ್ತ್ರದ ಪ್ರಕಾರ. ಅದ ಬೇಕೇನ್ರಿ ನಿಮಗ?"

"ನಿನ್ನ ಕೈ ಸೇದಿ ಬಿದ್ದ ಹೋಗ್ಲಿ" ಎಂದರು.

"ಹೋಗ್ಲಿ. ನನ್ನ ಗಂಡ ಇರ್ಲಿ" ಎಂದೆ.

ಅವರ ಕಾಲು ದಾಟಿದೆ. ಅತ್ತೆಯ ಕಾಲು ದಾಟುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಅಡಿಕೆ ಕತ್ತರಿಸುವ ಅಡಕೊತ್ತನ್ನು ಕುದಿವ ನೀರಿನಲ್ಲಿ ಅದ್ದಿ ಮೊದಲೇ ತಯಾರು ಇಟ್ಟಿದ್ದೆ. ನನ್ನ ಗಂಡ ಗೋಡೆಗೆ ಒರಗಿ ನಿಂತಿದ್ದರು. ಎರಡೂ ಕೈ ಮೇಲೆತ್ತಿ ಕಣ್ಣು ಮುಚ್ಚಿದರು. ಹುಣ್ಣಿಲ್ಲದ ಕಡೆ, ಹೊಕ್ಕಳ ಬದಿಗೆ ಕೊಂಡಿ ಇತ್ತು. ಅಡಕೊತ್ತಿನ ಬಾಯಿಗೆ ಸಿಗಿಸಿ ಒತ್ತಿದೆ. ಬೆಳ್ಳಿ ಬೇಗ ಬಿಡಲಿಲ್ಲ. ಎರಡೂ ಕೈ ಹಾಕಿ ಒತ್ತಿದೆ, ಹರಿಯಿತು. ನೀರು ಹನಿಸುತ್ತ, ಅಂಟಿದ್ದನ್ನು ಗೋದಿ ಕಾಳಿನಷ್ಟು ಗೋದಿ ಕಾಳಿನಷ್ಟಾಗಿ ಬಿಡಿಸುತ್ತ ಬಂದೆ.

ಹೊಸ್ತಿಲಲ್ಲಿ ನಮ್ಮತ್ತೆ ಹಾಡಿ ಅಳತೊಡಗಿದರು, ಸತ್ತ ಮನೆಯಲ್ಲಿ ಅಳುವಂತೆಯೇ. ಓಣಿ ಸುಮ್ಮನಿರುತ್ತದೆಯೇ? ಸೆರಗು ಬಾಯಿಗೆ ಒತ್ತಿಕೊಂಡು ಹೆಂಗಸರು, ಹೆಗಲ ಮೇಲೆ ವಲ್ಲಿ ಹಾಕಿಕೊಂಡು ಗಂಡಸರು ಅಂಗಳದ ತುಂಬ ನೆರೆದರು. ನನ್ನ ಗಂಡ ಅರಿವೆ ಸುತ್ತಿಕೊಂಡು ಬಾಗಿಲಿಗೆ ಬಂದು, "ಯಾರ ಹೋದ್ರು?" ಎಂದು ಕೇಳಿದರು.

ಮುಂದಿದ್ದ ಮುದುಕ ಕಕ್ಕಾಬಿಕ್ಕಿಯಾಗಿ, "ನೀವ ಹೋದ್ರಿ ಅಂತ ಬಂದ್ವಿರಿ" ಎಂದ.

"ಇನ್ನೂ ಹೊಂಟಿಲ್ಲ. ಹೊಂಟಾಗ ಹೇಳಿ ಕಳಸ್ತೇನಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ ಮಜ್ಜಿಗೆ ಕೇಳಿದರು. ಅಂದು ಸಂಜೆಯೊಳಗೆ ನನಗೆ ಊರು ಹೆಸರಿಟ್ಟಾಗಿತ್ತು.

ಬರಿ ನೀರು, ಗಾಳಿ, ಸಡಿಲ ಅರಿವೆ. ಬೇರೆ ಏನೂ ಹಚ್ಚಲಿಲ್ಲ. ಕೀವು ಆರಿತು, ಅಂಚಿನಿಂದ ಒಳಕ್ಕೆ ಎಳೆ ಚರ್ಮ ಬರತೊಡಗಿತು. ದಿನಾ ಮುಂಜಾನೆ ಕಿಟಕಿಯ ಬೆಳಕಿಗೆ ನಿಲ್ಲಿಸಿ ನೋಡುತ್ತಿದ್ದೆ, ಬಿತ್ತಿದ ಹೊಲ ನೋಡಿದ ಹಾಗೆ. ನಮ್ಮತ್ತೆ ನನ್ನೊಡನೆ ಮಾತು ಬಿಟ್ಟಿದ್ದರು. ಆದರೆ ಖಾರ ಕೊಡುವುದನ್ನೂ ಬಿಟ್ಟರು, ಮುಲಾಮಿನ ಡಬ್ಬಿಯೂ ಮತ್ತೆ ಕಾಣಲಿಲ್ಲ. ಓಣಿಯ ಹೆಂಗಸರು ಬಂದು ನನ್ನ ಮೇಲೆ ಹೇಳಿದರೆ ಕೇಳಿಸಿಕೊಂಡು ಎಲೆ ಅಡಿಕೆ ಕೊಟ್ಟು ಕಳಿಸುತ್ತಿದ್ದರು, ತಾವೊಂದು ಮಾತು ಸೇರಿಸುತ್ತಿರಲಿಲ್ಲ.

ಮುಂಬಯಿಯ ಡಾಕ್ಟರು ಸೊಂಟ ನೋಡಿದರು, ಬೆರಳಿಂದ ಮೆಲ್ಲಗೆ ಒತ್ತಿ ನೋಡಿದರು. ಗಾಯ ಬೆಲ್ಟಿನಂತೆ ಸಾಲಾಗಿ ಆದದ್ದನ್ನು ಗುರುತಿಸಿ, ಇಲ್ಲೇನಿತ್ತು ಎಂದು ನನ್ನ ಗಂಡನನ್ನೇ ಕೇಳಿದರು. ನನ್ನ ಗಂಡ ಹೇಳಿದರು, ಒಂದನ್ನೂ ಮುಚ್ಚಿಡದೆ. ಡಾಕ್ಟರು ಬೈಯಬಹುದಿತ್ತು, ಬೈಯಲಿಲ್ಲ. ನಾಳೆಯಿಂದ ಬನ್ನಿ ಎಂದರು. ನಾನು ಹೊರಗೆ ಬಂದು ದವಾಖಾನೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ, ದಾರಿಯಲ್ಲಿ ಹೋಗುವವರು ನೋಡಿದರೂ ಲೆಕ್ಕಿಸದೆ ಅಳುತ್ತಲೇ ಇದ್ದೆ.

ಎರಡನೆಯ ಪಾಳಿ ಮುಗಿದು ಬರುವಷ್ಟರಲ್ಲಿ ನಮ್ಮತ್ತೆ ಹೊಸ ಬೆಳ್ಳಿ ಉಡದಾರ ಮಾಡಿಸಿಟ್ಟಿದ್ದರು. ನಾವು ಕಾಲು ತೊಳೆಯುವ ಮುಂಚೆಯೇ ಮಗನ ಮುಂದೆ ಹಿಡಿದರು. ಈಗ ಎಲ್ಲ ಮುಗಿಯಿತಲ್ಲ, ಕಟ್ಟಿಕೋ ಎಂದರು. ಚರ್ಮ ಬಹಳ ದಿನ ತೆಳುವಾಗೇ ಇರುತ್ತದೆ, ಬಿಗಿಯಾದದ್ದು ಬೇಡ ಎಂದು ಡಾಕ್ಟರು ಹೇಳಿದ್ದನ್ನು ನಾನು ಹೇಳಲು ಬಾಯಿ ತೆರೆದೆ. ನನ್ನ ಗಂಡ ಕೈ ಎತ್ತಿ ನನ್ನನ್ನು ತಡೆದರು.

"ಬ್ಯಾಡ ಯವ್ವಾ. ನಾ ಸತ್ತ ದಿನ ಹರಿಯಾಕ ಯಾರಿಗೂ ಏನೂ ಸಿಗಬಾರದು" ಎಂದರು.

ಅತ್ತೆ ಬೆಳ್ಳಿಯನ್ನು ಸೆರಗಿಗೆ ಸುತ್ತಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ, ಊಟಕ್ಕೆ ಬರ್ರಿ ಎಂದು ಕರೆದರು. ಕರೆದದ್ದು ಇಬ್ಬರನ್ನೂ.

ಅವರು ಮತ್ತೆ ಗಾದಿಯ ಮೇಲೆ ಕೂತರು. ನಡುವೆ ಎದ್ದು ಹೋಗುವುದು ಪೂರ್ತಿ ನಿಲ್ಲಲಿಲ್ಲ. ಆದರೆ ಈಗ ಬಚ್ಚಿಡುತ್ತಿರಲಿಲ್ಲ; "ತಡೀರಿ, ನನ್ನ ಸವಾಲ ಮೊದಲ ಆಗ್ಲಿ" ಎಂದು ರೈತರನ್ನೇ ನಗಿಸಿ ಎದ್ದು ಹೋಗುತ್ತಿದ್ದರು. ಸ್ವಾತಂತ್ರ್ಯ ಬಂದದ್ದನ್ನೂ ನೋಡಿದರು. ಬರಿ ಸೊಂಟದ ಗಂಡಸು ವರ್ಷ ದಾಟುವುದಿಲ್ಲ ಎಂದ ಹಿರಿಯರು ಒಬ್ಬೊಬ್ಬರಾಗಿ ಉಡದಾರ ಸಮೇತ ಹೋದರು, ಅವರ ಮಣ್ಣಿಗೆ ಇವರೇ ಹೋಗಿಬಂದರು.

ಕೊನೆಗೆ ಅವರು ಹೋದದ್ದು ಎದೆನೋವಿನಿಂದ, ಹಳೆಯ ಬೇನೆಯಿಂದಲ್ಲ. ಅಂಗಳದಲ್ಲಿ ಜಳಕ ಮಾಡಿಸಲು ಓಣಿಯ ಹಿರಿಯರು ಬಂದರು. ಅವರಲ್ಲೊಬ್ಬ ರೂಢಿಯಂತೆ ಸೊಂಟಕ್ಕೆ ಕೈ ಹಾಕಿ ತಡಕಾಡಿದ, ಏನೂ ಸಿಗದೆ ನನ್ನ ಕಡೆ ನೋಡಿದ. ಎಲ್ಲರೂ ನೋಡಿದರು. ನಾನು ಉತ್ತರ ಕೊಡಲು ತಲೆ ಎತ್ತಿದೆ. ಅಷ್ಟರಲ್ಲಿ ಗೋಡೆಗೆ ಒರಗಿ ಕೂತಿದ್ದ ನಮ್ಮತ್ತೆ, ಕಣ್ಣು ಪೂರಾ ಕಾಣದ ಆ ಮುದುಕಿ, ನೆಲಕ್ಕೆ ಕೈಯೂರಿ ಎದ್ದು ನಿಂತರು.

"ಏನ ಹುಡಕ್ತೀಯೋ ಅಲ್ಲಿ?" ಎಂದರು. "ಹರಿಯಾಕ ನನ್ನ ಸೊಸಿ ನಿಮಗ ಏನೂ ಉಳಿಸಿಲ್ಲ. ಜಳಕ ಮಾಡಸ್ರಿ."